ಪಂಪು, ಪಲ್ಪರುಗಳ ಥ್ರೆಡ್ ದುರಸ್ತಿ: ಸಿ.ಎನ್.ಸಿ. ಯಂತ್ರದ ಮೇಲೆ ಕೈಯಿಂದ ಟ್ಯಾಪ್ ಹೊಡೆಸುವುದು

(ಕೊಡಗಿನ ಕಾಫಿ ಬೆಳೆಗಾರರ ಯಂತ್ರೋಪಕರಣ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕಾಫಿ ತೋಟದಲ್ಲಿ ಯಂತ್ರ ನಿಲ್ಲಲೇಬಾರದ ಕಾಲ ಎರಡು. ಒಂದು, ಕೊಯ್ಲಿನ ಕಾಲ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕದಿದ್ದರೆ ರಾಶಿ ಬಿಸಿಯೇರಿ ಹುಳಿಯತೊಡಗುತ್ತದೆ, ಆ ದೋಷ ಕಾಫಿಯ ರುಚಿಯವರೆಗೂ ಹೋಗುತ್ತದೆ. ಇನ್ನೊಂದು, ಫೆಬ್ರವರಿ–ಮಾರ್ಚ್ ತಿಂಗಳು. ಹೂಮಳೆ ಬಾರದಿದ್ದಾಗ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರಿನಿಂದ ಸುಮಾರು ಒಂದು ಅಂಗುಲ ನೀರು ಕೊಡಬೇಕು, ಮುಂದೆ 15–20 ದಿನಗಳಲ್ಲಿ ಬ್ಯಾಕಿಂಗ್ ನೀರನ್ನೂ ಕೊಡಬೇಕು. ಆಗ ಪಂಪು ನಾಲ್ಕು ದಿನ ಮಲಗಿದರೆ ಮುಂದಿನ ವರ್ಷದ ಫಸಲೇ ಕಡಿಮೆಯಾದೀತು.

ಹೀಗೆ ಯಂತ್ರ ಕೈಕೊಡಲು ದೊಡ್ಡ ಭಾಗವೇ ಮುರಿಯಬೇಕೆಂದಿಲ್ಲ. ಕಿರುಬೆರಳ ಗಾತ್ರದ ಒಂದು ರಂಧ್ರದೊಳಗಿನ ಥ್ರೆಡ್ ಕಿತ್ತುಹೋದರೆ ಸಾಕು. ಪಂಪಿನ ಗ್ಲ್ಯಾಂಡ್ ಬಿಗಿಯುವ ಸ್ಟಡ್ ಹಿಡಿಯದಿದ್ದರೆ ಗಾಳಿ ಒಳಸೇರಿ ಪಂಪು ನೀರು ಎತ್ತುವುದಿಲ್ಲ. ಪಲ್ಪರಿನಲ್ಲಿ ಡ್ರಮ್ಮಿಗೂ ಎದುರಿನ ಎದೆಹಲಗೆಗೂ ನಡುವಿನ ಸಂದನ್ನು ಹಿಡಿದಿಡುವುದು ಕೆಲವೇ ಬೋಲ್ಟುಗಳು. ಅವುಗಳ ಥ್ರೆಡ್ ಸಡಿಲವಾದರೆ ಅದುರಾಟದಲ್ಲಿ ಸಂದು ಬದಲಾಗುತ್ತದೆ. ಸಂದು ಕಿರಿದಾದರೆ ಕಾಳು ಗಾಯವಾಗುತ್ತದೆ, ಹಿರಿದಾದರೆ ಹಣ್ಣು ಸುಲಿಯದೆ ಹಾಗೆಯೇ ಹೊರಬರುತ್ತದೆ. ಗಾಯವಾದ ಕಾಳನ್ನು ಕ್ಯೂರಿಂಗ್ ವರ್ಕ್ಸಿನವರು ದೋಷದ ಲೆಕ್ಕಕ್ಕೇ ಸೇರಿಸುತ್ತಾರೆ. ಆದುದರಿಂದ ಇಂದು ಥ್ರೆಡ್ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಮೊದಲಿಗೆ ಒಂದು ಮಾತು. ಟ್ಯಾಪ್ ಎಂದರೆ ಇಲ್ಲಿ ನೀರಿನ ನಲ್ಲಿಯಲ್ಲ. ರಂಧ್ರದೊಳಗೆ ಥ್ರೆಡ್ ಕತ್ತರಿಸುವ ಗಟ್ಟಿ ಉಕ್ಕಿನ ಹತ್ಯಾರಿಗೆ ಆ ಹೆಸರು. ಕೈಟ್ಯಾಪು ಮೂರರ ಸೆಟ್ಟಾಗಿ ಬರುತ್ತದೆ. ಒಂದನೆಯದರ ತುದಿ ಉದ್ದಕ್ಕೂ ಸಪೂರ, ಮೂರನೆಯದು ತಳದವರೆಗೂ ಪೂರ್ಣ ಹಲ್ಲಿನದು.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಕೈ ಡ್ರಿಲ್ಲಿಂಗ್ ಯಂತ್ರದಿಂದ ಹಳೆಯ ರಂಧ್ರವನ್ನೇ ದೊಡ್ಡದು ಮಾಡಿ, ಅಂದಾಜಿನ ಮೇಲೆ ಟ್ಯಾಪ್ ಹೊಡೆಯುವುದು. ಸವೆದ ರಂಧ್ರ ಗುಂಡಗಿರುವುದಿಲ್ಲ, ಮೊಟ್ಟೆಯಾಕಾರವಾಗಿರುತ್ತದೆ. ಡ್ರಿಲ್ ಬಿಟ್ಟು ಸುಲಭವಿದ್ದ ಕಡೆಗೇ ವಾಲುತ್ತದೆ. ಟ್ಯಾಪು ಆ ಓರೆಯನ್ನೇ ಹಿಂಬಾಲಿಸುತ್ತದೆ. ಬೋಲ್ಟು ಓರೆಯಾಗಿ ಕೂರುತ್ತದೆ, ಅದರ ತಲೆ ಒಂದೇ ಅಂಚಿನಲ್ಲಿ ಒತ್ತುತ್ತದೆ, ಗ್ಯಾಸ್ಕೆಟ್ ಸೋರುತ್ತದೆ. ಮುಂದಿನ ವರ್ಷ ಅದೇ ಜಾಗ ಪುನಃ ಹೋಗುತ್ತದೆ, ಆಗ ದೊಡ್ಡದು ಮಾಡಲು ಲೋಹವೇ ಉಳಿದಿರುವುದಿಲ್ಲ.

ಈ ಕೆಲಸಕ್ಕೆ ಈಗ ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ, ಅಂದರೆ ಸಿ.ಎನ್.ಸಿ. ಯಂತ್ರದ ನೆರವು ಪಡೆಯಬಹುದು. 1952ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ, ಅಂಕಿಗಳ ಆದೇಶದಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಮೊದಲು ತೋರಿಸಿದರು. ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಹೆಚ್.ಎಂ.ಟಿ. ಆರಂಭವಾಗಿ ನಮ್ಮ ರಾಜ್ಯ ಯಂತ್ರೋಪಕರಣಗಳ ತವರಾಯಿತು. ಇಂದು ಪೀಣ್ಯದಲ್ಲಿ ಮಾತ್ರವಲ್ಲ, ನಮಗೆ ಹತ್ತಿರದ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲೂ ಇಂಥ ಯಂತ್ರಗಳಿವೆ. ಕುಶಾಲನಗರ ದಾಟಿ ಮೈಸೂರಿಗೆ ಹೋಗುವವರು ಬಿಚ್ಚಿದ ಬಿಡಿಭಾಗವನ್ನು ಜೀಪಿನಲ್ಲಿ ಹಾಕಿಕೊಂಡರಾಯಿತು.

ಈ ಯಂತ್ರದಿಂದ ನಮಗೆ ಆಗುವ ದೊಡ್ಡ ಉಪಕಾರ, ಜಾಗ ಹುಡುಕುವುದು. ಫ್ಲ್ಯಾಂಜಿನ ವೃತ್ತದ ಮೇಲೆ ಸಮಾನ ಅಂತರದಲ್ಲಿ ನಾಲ್ಕು ರಂಧ್ರಗಳಿವೆ, ಒಂದು ಕೆಟ್ಟಿದೆ ಎನ್ನೋಣ. ಚೆನ್ನಾಗಿರುವ ಮೂರರ ಮಧ್ಯಬಿಂದುಗಳನ್ನು ಅಳೆದರೆ ನಾಲ್ಕನೆಯದು ಎಲ್ಲಿರಬೇಕೆಂಬುದು ಲೆಕ್ಕದಿಂದಲೇ ಸಿಗುತ್ತದೆ. ಸವೆದ ರಂಧ್ರವನ್ನು ನಂಬಬೇಕಾಗಿಲ್ಲ. ಸ್ಪಿಂಡಲ್ ಅಲ್ಲಿಗೆ ಬಂದು ನಿಲ್ಲುತ್ತದೆ, ಎಂಡ್ ಮಿಲ್ ಕಟ್ಟರಿನಿಂದ ರಂಧ್ರವನ್ನು ಮೊದಲು ಗುಂಡಗೆ ಮಾಡಿಕೊಳ್ಳುತ್ತಾರೆ. ಡ್ರಿಲ್ ಬಿಟ್ಟಿನ ಹಾಗೆ ಇದು ಹಳೆಯ ದಾರಿಗೆ ಎಳೆಯಲ್ಪಡುವುದಿಲ್ಲ. ಆಮೇಲೆ ಬೇಕಾದ ಅಳತೆಗೆ ಕೊರೆಯುತ್ತಾರೆ.

ಇನ್ನು ಟ್ಯಾಪು. ಯಂತ್ರವೇ ಟ್ಯಾಪನ್ನೂ ಹೊಡೆಯಬಲ್ಲದು. ಎಂ-10 ಬೋಲ್ಟಿನ ಥ್ರೆಡ್ ಒಂದು ಸುತ್ತಿಗೆ 1.5 ಮಿ.ಮೀ. ಮುಂದೆ ಹೋಗುತ್ತದೆ. ಸ್ಪಿಂಡಲ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ಅಷ್ಟೇ ಹೊತ್ತಿನಲ್ಲಿ 450 ಮಿ.ಮೀ. ವೇಗದಲ್ಲಿ ಕೆಳಗಿಳಿಯಬೇಕು, ನಿಂತು, ಹಿಂದಕ್ಕೆ ತಿರುಗುವಾಗಲೂ ಇದೇ ತಾಳ. ಸುತ್ತನ್ನೂ ಇಳಿತವನ್ನೂ ಹೀಗೆ ಬೆಸೆಯುವ ಏರ್ಪಾಡು ಎಲ್ಲ ಹಳೆಯ ಯಂತ್ರಗಳಲ್ಲಿಲ್ಲ. ಇದ್ದಲ್ಲಿ ಕೆಲಸ ಅಚ್ಚುಕಟ್ಟು. ಒಂದೇ ಬಗೆಯ ಐನೂರು ಹೊಸ ಭಾಗಗಳಿಗೆ ಟ್ಯಾಪ್ ಹೊಡೆಯುವವರು ಹಾಗೆಯೇ ಮಾಡಬೇಕು.

ಆದರೆ ನಾವು ಒಯ್ಯುವುದು ಐನೂರಲ್ಲ, ಒಂದು; ಹೊಸದಲ್ಲ, ಹಳೆಯದು. ಹಳೆಯ ಎರಕದಲ್ಲಿ ಗಾಳಿಗುಳಿ ಇರಬಹುದು, ಹಿಂದೆ ಯಾರೋ ಹಾಕಿಸಿದ ವೆಲ್ಡಿಂಗಿನ ಗಟ್ಟಿ ಗಂಟೂ ಇರಬಹುದು. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಕೊಟ್ಟ ಅಂಕಿಯಂತೆ ಇಳಿಯುತ್ತದೆ, ಟ್ಯಾಪು ಪಟ್ಟೆಂದು ಒಳಗೇ ಮುರಿಯುತ್ತದೆ. ಮುರಿದ ಟ್ಯಾಪು ಸಾಮಾನ್ಯ ಡ್ರಿಲ್ಲಿಗೆ ಬಗ್ಗುವುದಿಲ್ಲ. ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಯಂತ್ರಕ್ಕೆ ಒಯ್ಯಬೇಕಾಗುತ್ತದೆ. ಹಳೆಯ ಪಲ್ಪರಿನ ಆ ಎರಕ ಮತ್ತೆ ಸಿಗುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಇಂಥ ಭಾಗಗಳಿಗೆ, ಜಾಗ ಹಿಡಿಯುವುದು ಮತ್ತು ಕೊರೆಯುವುದು ಯಂತ್ರದಿಂದ, ಟ್ಯಾಪ್ ಮಾತ್ರ ಕೈಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಗೆ ಬಿಗಿ ಗೊತ್ತಾಗುತ್ತದೆ, ಮುರಿಯುವ ಮೊದಲೇ ನಿಲ್ಲಿಸಬಹುದು.

ಇದನ್ನು ಮಾಡುವ ಕ್ರಮ ಹೀಗಿದೆ. ರಂಧ್ರ ಕೊರೆದಾದ ಮೇಲೆ ಮೇಜನ್ನು ಎಡಬಲಕ್ಕಾಗಲಿ ಹಿಂದುಮುಂದಕ್ಕಾಗಲಿ ಒಂದು ಕೂದಲಷ್ಟೂ ಸರಿಸಬಾರದು. ಇಡೀ ಉಪಾಯ ನಿಂತಿರುವುದೇ ಇದರ ಮೇಲೆ. ಸ್ಪಿಂಡಲಿನಿಂದ ಡ್ರಿಲ್ಲನ್ನು ತೆಗೆದು, ಆ ಜಾಗದಲ್ಲಿ ಸ್ಪ್ರಿಂಗ್ ಇರುವ ಮೊನೆಯ ಸಲಾಕೆಯೊಂದನ್ನು ಹಿಡಿಸುತ್ತಾರೆ. ಟ್ಯಾಪಿನ ಹಿಂಬದಿಯಲ್ಲಿರುವ ಚಿಕ್ಕ ಕುಳಿಗೆ ಆ ಮೊನೆ ಕೂರುತ್ತದೆ. ಈಗ ಕೆಳಗೆ ರಂಧ್ರ, ಮೇಲೆ ಮೊನೆ, ಎರಡೂ ಒಂದೇ ನೇರದಲ್ಲಿವೆ. ನಡುವಿನ ಟ್ಯಾಪು ಓರೆಯಾಗುವಂತಿಲ್ಲ. ಸ್ಪಿಂಡಲ್ ತಿರುಗುವುದಿಲ್ಲ. ಕೆಲಸಗಾರ ಟ್ಯಾಪ್ ಹಿಡಿಕೆಯನ್ನು ಎರಡೂ ಕೈಯಿಂದ ತಿರುಗಿಸುತ್ತಾನೆ. ಟ್ಯಾಪು ಇಳಿದಂತೆ ಸ್ಪ್ರಿಂಗ್ ಅದನ್ನು ಹಿಂಬಾಲಿಸುತ್ತದೆ. ಸ್ಪ್ರಿಂಗಿನ ಎಳೆತ ಮುಗಿದಾಗ ಯಂತ್ರದ ಕೈಚಕ್ರದಿಂದ ಸ್ಪಿಂಡಲನ್ನು ತುಸು ಇಳಿಸಿಕೊಳ್ಳುತ್ತಾನೆ. ಅರ್ಧದಿಂದ ಒಂದು ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಒಳಗಿನ ಚೂರು ತುಂಡಾದದ್ದು ಕೈಗೇ ಗೊತ್ತಾಗುತ್ತದೆ. ನಾಲ್ಕೈದು ಸುತ್ತು ಹಿಡಿದ ಮೇಲೆ ಟ್ಯಾಪು ತನ್ನ ದಾರಿಯನ್ನು ತಾನೇ ನೋಡಿಕೊಳ್ಳುತ್ತದೆ.

ಬೀಡುಕಬ್ಬಿಣಕ್ಕೆ ಎಣ್ಣೆ ಬೇಡ, ಒಣದಾಗಿಯೇ ಕತ್ತರಿಸಬಹುದು. ಅಲ್ಯೂಮಿನಿಯಂ ಟ್ಯಾಪಿನ ಹಲ್ಲಿಗೆ ಮೆತ್ತಿಕೊಳ್ಳುವ ಲೋಹ, ಅದಕ್ಕೆ ಸೀಮೆಎಣ್ಣೆ ಒಳ್ಳೆಯದು. ಉಕ್ಕಿಗೆ ಕಟಿಂಗ್ ಆಯಿಲ್. ತಳ ಮುಚ್ಚಿದ ರಂಧ್ರವಾದರೆ ಆಗಾಗ ಟ್ಯಾಪನ್ನು ಹೊರತೆಗೆದು ಚೂರು ತೆಗೆಯಬೇಕು. ತಳದಲ್ಲಿ ಸೇರಿದ ಚೂರಿನ ಮೇಲೆ ಒತ್ತಿದರೆ ಟ್ಯಾಪು ಮುರಿಯುತ್ತದೆ.

ರಂಧ್ರದ ಅಳತೆಯಲ್ಲಿ ಜಿಪುಣತನ ಬೇಡ. ಎಂ-8ಕ್ಕೆ 6.8, ಎಂ-10ಕ್ಕೆ 8.5, ಎಂ-12ಕ್ಕೆ 10.2 ಮಿ.ಮೀ. ಕೊರೆಯಬೇಕು. ಚಿಕ್ಕದಾಗಿ ಕೊರೆದರೆ ಥ್ರೆಡ್ ಗಟ್ಟಿಯಾಗುತ್ತದೆಂದು ನಂಬುವವರಿದ್ದಾರೆ. ಗಟ್ಟಿಯಾಗುವುದು ಅತ್ಯಲ್ಪ, ಟ್ಯಾಪಿನ ಮೇಲೆ ಬೀಳುವ ಭಾರ ಮಾತ್ರ ಬಹಳ. ಥ್ರೆಡ್ ಎಷ್ಟು ಆಳ ಹಿಡಿದಿದೆ ಎಂಬುದು ಹೆಚ್ಚು ಮುಖ್ಯ. ಉಕ್ಕಿನಲ್ಲಿ ಬೋಲ್ಟಿನ ದಪ್ಪದಷ್ಟು ಆಳ ಸಾಕು, ಅಲ್ಯೂಮಿನಿಯಂನಲ್ಲಿ ಅದರ ಒಂದೂವರೆಯಿಂದ ಎರಡು ಪಟ್ಟು ಬೇಕು.

ಕೊಡಗಿನಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶ ಇನ್ನೊಂದಿದೆ. ಇಲ್ಲಿ ಐರೋಪ್ಯರ ಕಾಫಿ ತೋಟಗಳು ಆರಂಭವಾದದ್ದು 1854ರಲ್ಲಿ. ಅವರ ಯಂತ್ರಗಳೊಂದಿಗೆ ಬಂದದ್ದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ ಅಂಗುಲದ ಥ್ರೆಡ್. ಅದರ ಹಲ್ಲಿನ ಕೋನ 55 ಡಿಗ್ರಿ. ನಮ್ಮ ದೇಶ 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿಗೆ ಬಂತು. ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ. ಹಳೆಯ ಪಲ್ಪರ್, ಹೊಸ ಮೋಟಾರು, ಯಾವ ಕಾಲದ್ದೋ ಪಂಪು ಒಂದೇ ಶೆಡ್ಡಿನಲ್ಲಿರುವುದರಿಂದ ಎರಡೂ ಬಗೆಯ ಬೋಲ್ಟು ಒಂದೇ ಡಬ್ಬಿಯಲ್ಲಿ ಸೇರಿರುತ್ತವೆ. ಮೂರೆಂಟಾಂಶ ಅಂಗುಲದ ಬೋಲ್ಟಿನ ದಪ್ಪ 9.5 ಮಿ.ಮೀ., ಅಂಗುಲಕ್ಕೆ 16 ಎಳೆ. ಅದು ಎಂ-10 ರಂಧ್ರಕ್ಕೆ ಕೆಲವು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಯಿತೆಂದು ಸಂತೋಷಪಟ್ಟು ಸ್ಪ್ಯಾನರ್ ಹಾಕಿದರೆ ಎರಡೂ ಎಳೆ ಹಾಳು. ಪಿಚ್ ಗೇಜ್ ಇಲ್ಲದಿದ್ದರೆ ಸ್ಕೇಲಿನಿಂದಲೇ ನೋಡಬಹುದು: ಹತ್ತು ಎಳೆಗಳ ಉದ್ದ ಸರಿಯಾಗಿ 15 ಮಿ.ಮೀ. ಇದ್ದರೆ ಎಂ-10, ಸುಮಾರು 16 ಇದ್ದರೆ ಅಂಗುಲದ್ದು. ಕೈಲ್ ಮುಹೂರ್ತಕ್ಕೆ ಕೋವಿಯನ್ನು ಒರೆಸಿ ಎಣ್ಣೆ ಹಚ್ಚಿಡುವ ಮನೆಗಳಲ್ಲಿ, ಅಂದೇ ಬೋಲ್ಟಿನ ಡಬ್ಬಿಯನ್ನೂ ಎರಡು ಪಾಲು ಮಾಡಿಟ್ಟರೆ ಒಳ್ಳೆಯದು.

ಕಾರ್ಖಾನೆಗೆ ಹೋಗುವಾಗ ಕೆಟ್ಟ ಭಾಗದ ಜೊತೆಗೆ ಅದಕ್ಕೆ ಕೂರುವ ಜೋಡಿ ಭಾಗವನ್ನೂ ಒಂದು ಒಳ್ಳೆಯ ಬೋಲ್ಟನ್ನೂ ಒಯ್ಯಿರಿ. ಗ್ರೀಸು, ಕಾಫಿ ಸಿಪ್ಪೆ ತೊಳೆದಿರಲಿ. ಲೋಹ ಸಾಕಷ್ಟಿದ್ದರೆ ಎಂ-10ರ ಬದಲು ಎಂ-12 ಮಾಡಿಸಬಹುದು. ಆಗ ಜೋಡಿ ಭಾಗದ ತೂತನ್ನೂ ಅದೇ ಸಲ ದೊಡ್ಡದು ಮಾಡಿಸಬೇಕು. ಎಂಜಿನ್ನಿನ ಅಲ್ಯೂಮಿನಿಯಂ ಭಾಗದಲ್ಲಿ ಲೋಹ ತೆಳುವಾಗಿದ್ದರೆ, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಕೂರಿಸಿ ಹಳೆಯ ಅಳತೆಯನ್ನೇ ಉಳಿಸಿಕೊಳ್ಳುವುದು ಮೇಲು. ಸುರುಳಿಗೆ ಬೇರೆ ಟ್ಯಾಪೇ ಇದೆ, ಅದು ಅವರಲ್ಲಿದೆಯೇ ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿರಿ. “ಜಾಗ ಯಂತ್ರದಲ್ಲಿ ಹಿಡಿಯಿರಿ, ಟ್ಯಾಪ್ ಕೈಯಲ್ಲಿ ಹೊಡೆಯಿರಿ” ಎಂದು ಮೊದಲೇ ಹೇಳಿಬಿಡಿ. ಕೆಲವರು ಹೊತ್ತಾಗುತ್ತದೆಂದು ಗೊಣಗುತ್ತಾರೆ. ಒಂದು ರಂಧ್ರಕ್ಕೆ ಅಂಥ ಹೊತ್ತೇನೂ ಬೇಡ.

ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡ ತರುಣರು ಒಂದು ಎಚ್ಚರಿಕೆ ವಹಿಸತಕ್ಕದ್ದು. ಕೈಯಿಂದ ಟ್ಯಾಪ್ ಹೊಡೆಯುವಾಗ ಯಂತ್ರದ ಬಾಗಿಲು ತೆರೆದಿರುತ್ತದೆ, ಕೈ ಒಳಗಿರುತ್ತದೆ. ಸ್ಪಿಂಡಲ್ ನಿಂತಿದ್ದರೆ ಸಾಲದು, ಅದರ ಮೋಟಾರಿನ ಚಾಲನೆಯನ್ನೇ ಆರಿಸಿರಬೇಕು. ಕೈಚಕ್ರದಿಂದ ಇಳಿಸಬೇಕಾದಾಗ ಕೈಯನ್ನು ಹಿಡಿಕೆಯಿಂದ ತೆಗೆದ ಮೇಲೆಯೇ ಇಳಿಸಬೇಕು. ಪ್ರೋಗ್ರಾಮ್ ಗುಂಡಿಯ ಹತ್ತಿರ ಇನ್ನೊಬ್ಬರು ನಿಲ್ಲಬಾರದು.

ಭಾಗ ಮನೆಗೆ ಬಂದ ಮೇಲೆ ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ನೋಡಿರಿ. ತಳದವರೆಗೆ ಬೆರಳಿಗೇ ಹೋಗಬೇಕು, ಅಲ್ಲಾಡಬಾರದು, ತಲೆಯ ಸುತ್ತ ಎಲ್ಲಿಯೂ ಸಂದು ಕಾಣಬಾರದು. ಹೊರಗಿನ ಮೇಜಿನ ಮೇಲೆ ಬೀಡು, ಅಲ್ಯೂಮಿನಿಯಂ ತುಂಡುಗಳನ್ನೂ ಎಂ-10ರ ಟ್ಯಾಪ್ ಸೆಟ್ಟುಗಳನ್ನೂ ಇಟ್ಟಿದೆ. ಚಹಾ ಆದ ಮೇಲೆ ಒಬ್ಬೊಬ್ಬರೂ ಒಂದೊಂದು ರಂಧ್ರಕ್ಕೆ ಟ್ಯಾಪ್ ಹೊಡೆದು ನೋಡಬಹುದು.