ಹೊರದೇಶದ ರಾಜಕೀಯವೂ ಹಾಲಿನ ಪುಡಿಯ ಬೆಲೆಯೂ

(ಸಂಘಗಳ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಎಲ್ಲೋ ದೂರದ ದೇಶಗಳು ಜಗಳವಾಡಿದರೆ ನಮ್ಮ ಹಾಲಿನ ಕ್ಯಾನಿಗೇನು ಬಂತು ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡೋಣ.

2014ರ ಮಾರ್ಚಿನಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾ ಪ್ರದೇಶವನ್ನು ತನಗೆ ಸೇರಿಸಿಕೊಂಡಿತು. ಅಮೆರಿಕ ಮತ್ತು ಯುರೋಪಿನ ದೇಶಗಳು ಅದರ ಮೇಲೆ ನಿರ್ಬಂಧ ಹೇರಿದವು. ಉತ್ತರವಾಗಿ ಆಗಸ್ಟಿನಲ್ಲಿ ರಷ್ಯಾ ಆ ದೇಶಗಳ ಹಾಲಿನ ಪದಾರ್ಥಗಳಿಗೆ ಬಾಗಿಲು ಮುಚ್ಚಿತು. ಐರೋಪ್ಯ ಒಕ್ಕೂಟ ಹೊರಗೆ ಮಾರುತ್ತಿದ್ದ ಚೀಸಿನಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗುತ್ತಿದ್ದುದೇ ರಷ್ಯಾಕ್ಕೆ. ಮಾರುಕಟ್ಟೆ ಮುಚ್ಚಿತೆಂದು ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ಚೀಸ್ ಆಗಬೇಕಿದ್ದ ಹಾಲು ಪುಡಿಯಾಯಿತು. ಅದೇ ಹೊತ್ತಿಗೆ ಚೀನಾ ಪುಡಿ ಕೊಳ್ಳುವುದನ್ನು ತಗ್ಗಿಸಿತ್ತು. 2015ರ ಮಾರ್ಚ್ 31ಕ್ಕೆ ಯುರೋಪಿನ ಹಾಲು ಉತ್ಪಾದನೆಯ ಮಿತಿಯೂ ಕೊನೆಗೊಂಡಿತು.

ಇಲ್ಲಿ ವ್ಯಾಪಾರಸ್ಥರ ಮನಸ್ಸನ್ನು ಗಮನಿಸಿ. ಬೆಲೆ ಇಳಿಯುವ ಸೂಚನೆ ಕಂಡರೆ ಕೊಳ್ಳುವವನು 'ಇನ್ನೂ ಇಳಿಯಲಿ' ಎಂದು ಕಾಯುತ್ತಾನೆ. ದಾಸ್ತಾನು ಇದ್ದವನು ಹೆದರಿ ಮಾರಲು ಹೊರಡುತ್ತಾನೆ. ಹಣ ಹೂಡುವವನು ಹಿಂದೆ ಸರಿಯುತ್ತಾನೆ. ಈ ಹೆದರಿಕೆಯೇ ಬೆಲೆಯನ್ನು ಮತ್ತಷ್ಟು ಕೆಳಗೆ ತಳ್ಳುತ್ತದೆ. 2015ರ ಸೆಪ್ಟೆಂಬರಿನಲ್ಲಿ ರೈತರು ಟ್ರ್ಯಾಕ್ಟರುಗಳೊಡನೆ ಬ್ರಸೆಲ್ಸ್ ನಗರಕ್ಕೆ ಬಂದು ಪ್ರತಿಭಟಿಸಿದರು. ಐರೋಪ್ಯ ಒಕ್ಕೂಟವೇ ಕೊಂಡಿಟ್ಟ ಪುಡಿಯ ದಾಸ್ತಾನು ಮುಂದೆ ಮೂರೂವರೆ ಲಕ್ಷ ಟನ್ ದಾಟಿತು.

ಭಾರತದಿಂದ 2013-14ರಲ್ಲಿ ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಹಾಲಿನ ಪದಾರ್ಥಗಳು ರಫ್ತಾಗಿದ್ದವು. ಮರುವರ್ಷ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು. ಹೆಚ್ಚಿನ ಹಾಲನ್ನು ಪುಡಿ ಮಾಡುವ ಒಕ್ಕೂಟಕ್ಕೆ ಆ ಪುಡಿ ಮಾರಾಟವಾಗದಿದ್ದರೆ ಹಣ ಗೋದಾಮಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಬಿಸಿ ಲೀಟರಿನ ದರಕ್ಕೂ ತಟ್ಟುತ್ತದೆ.

ಹಾಗಾದರೆ ನೀವೇನು ಮಾಡಬೇಕು? ನಿಮ್ಮ ಬಂಡವಾಳ ಹಸು. ಷೇರು ಮಾರಿದವನು ನಾಳೆಯೇ ಮತ್ತೆ ಕೊಳ್ಳಬಲ್ಲ. ಆದರೆ ಇಂದು ಹುಟ್ಟಿದ ಮಿಶ್ರತಳಿ ಹೆಣ್ಣುಕರು, ಚೆನ್ನಾಗಿ ಸಾಕಿದರೂ, ಹಾಲಿಗೆ ಬರಲು ಸುಮಾರು ಎರಡೂವರೆ ವರ್ಷ ಬೇಕು. ದರ ಇಳಿದಾಗ ಗಬ್ಬದ ಕಡಸನ್ನು ಮಾರಿದವರು ದರ ಏರಿದಾಗ ಸಾಲ ಮಾಡಿ ದುಬಾರಿ ಹಸು ತರಬೇಕಾಗುತ್ತದೆ.

ದರ ಇಳಿದಾಗ ಮೊದಲು ಖರ್ಚಿನ ಕಡೆ ನೋಡಿ. ಪದೇ ಪದೇ ಬೆದೆಗೆ ಬಂದರೂ ಗಬ್ಬ ನಿಲ್ಲದ ರಾಸುಗಳನ್ನು ಪರೀಕ್ಷೆ ಮಾಡಿಸಿ. ಹಸಿರು ಮೇವು ಬೆಳೆದು ಹಿಂಡಿಯ ಖರ್ಚು ತಗ್ಗಿಸಿ. ಆದರೆ ಖನಿಜ ಮಿಶ್ರಣವನ್ನು ಮಾತ್ರ ನಿಲ್ಲಿಸಬೇಡಿ. ಇಂದು ಉಳಿಸಿದ ಆ ನಾಲ್ಕು ಕಾಸು ನಾಳೆ ಗಬ್ಬ ತಡವಾಗಿ ಹತ್ತರಷ್ಟು ಹೋದೀತು. ದರ ಚೆನ್ನಾಗಿದ್ದಾಗ ಬಟವಾಡೆಯಲ್ಲಿ ಒಂದಿಷ್ಟನ್ನು ಕೂಡಿಡಿ.

ಹೊರದೇಶದ ಜಗಳ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಹೆದರಿ ಕಡಸನ್ನು ಸಂತೆಗೆ ಹೊಡೆಯದಿರುವುದು ನಮ್ಮ ಕೈಯಲ್ಲಿದೆ.