ಶಾಲೆಯಂಗಳದ ಕೋಲಾಟ

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನೃತ್ಯಕ್ಕೆಂದೇ ಶಿಕ್ಷಕರಿರುವುದು ಅಪರೂಪ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆನ್ನುತ್ತದೆ. ಅದೂ ಆರರಿಂದ ಎಂಟನೇ ತರಗತಿಗೆ, ಮಕ್ಕಳು 100 ಮೀರಿದರೆ. ಉಳಿದೆಡೆ ಹೊಣೆ ತರಗತಿ ಶಿಕ್ಷಕರದೇ. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿ ಹತ್ತಿರವಾದಾಗ ನಾಲ್ಕು ದಿನ ಹೆಜ್ಜೆ ಹಾಕಿಸಿದರೆ ಅದನ್ನು ಪಾಠವೆನ್ನುವುದು ಕಷ್ಟ.

ಊರಿನ ಕುಣಿತದಿಂದಲೇ ಪಾಠ ಶುರುಮಾಡಬಹುದು. ಹಿರಿಯೂರು ತಾಲ್ಲೂಕಿನ ಬಬ್ಬೂರಿನ ಸೀಮೆಗೆ ಕೋಲಾಟ ಹೊಸದಲ್ಲ; ಕಾಡುಗೊಲ್ಲರ ಹಟ್ಟಿಗಳಲ್ಲಿ ಅದು ಹಬ್ಬದ ಕುಣಿತ. ಶಾಲೆಯಲ್ಲಿ ಕಲಿಸುವಾಗ ಮೊದಲು ಚಪ್ಪಾಳೆಯ ತಾಳ, ಆಮೇಲೆ ಸುತ್ತು ನಡಿಗೆ, ಕೋಲು ಕೊನೆಗೆ. ಮೊದಲೇ ಕೋಲು ಕೊಟ್ಟರೆ ಬೆರಳಿಗೆ ಪೆಟ್ಟು ಖಚಿತ! ಎಣಿಕೆ, ಎಡಬಲ, ಜೊತೆಗಾರರ ಕೋಲಿಗಾಗಿ ಕಾಯುವುದು, ಇವೆಲ್ಲ ಪದ ಹಾಡುತ್ತಲೇ ಮೈಗೂಡುತ್ತವೆ. ಹಟ್ಟಿಯ ಹಿರಿಯ ಕಲಾವಿದರನ್ನು ಶಾಲೆಗೆ ಕರೆಸಿದರೆ ಶಿಕ್ಷಕರೂ ಕಲಿಯಬಹುದು.