ಎಲುಬಿನ ಪುಡಿ ಕೇಳುವ ಮುನ್ನ

ಹಲ್ಲು ಅಲುಗಾಡಲು ಶುರುವಾದ ಮೇಲೆ ದವಾಖಾನೆಗೆ ಬರುವವರಲ್ಲಿ ಕೆಲವರು ಒಂದು ಪ್ರಶ್ನೆ ಹಿಡಿದುಕೊಂಡೇ ಬರುತ್ತಾರೆ: “ಎಲುಬಿನ ಪುಡಿ ತುಂಬತಾರಂತಲ್ರೀ, ಯಾವ ಪುಡಿ ಚಲೋ?” ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ಮಹಾವಿದ್ಯಾಲಯದಲ್ಲಿ ಒಸಡಿನ ಕಾಯಿಲೆಗೆಂದೇ ಬೇರೆ ವಿಭಾಗವಿದೆ, ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಒಸಡು ತಜ್ಞರಲ್ಲೂ ಕರಗಿದ ಎಲುಬಿನ ಜಾಗಕ್ಕೆ ಪುಡಿ ತುಂಬುವ ಈ ಚಿಕಿತ್ಸೆ ಸಿಗುತ್ತದೆ. ಪ್ರಶ್ನೆ ತಪ್ಪಲ್ಲ, ಆದರೆ ಅದನ್ನು ಕೇಳಬೇಕಾದದ್ದು ಮೂರನೆಯದಾಗಿ. ಎಲುಬು ಕರಗಿ ಬಿದ್ದ ಕುಳಿಯ ಆಕಾರ ಎಂಥದ್ದು? ಎಲುಬನ್ನು ಕರಗಿಸಿದ ಕಾರಣ ನಿಂತಿದೆಯೇ? ಈ ಎರಡಕ್ಕೆ ಸರಿಯಾದ ಉತ್ತರವಿಲ್ಲದಿದ್ದರೆ ಎಷ್ಟು ದುಬಾರಿ ಪುಡಿ ಹಾಕಿಸಿದರೂ ದಂಡ.

ಹಲ್ಲನ್ನು ಹಿಡಿದಿರುವುದು ಎಲುಬೊಂದೇ ಅಲ್ಲ. ಬೇರಿನ ಮೇಲೆ ಸಿಮೆಂಟಮ್ ಎಂಬ ತೆಳು ಹೊದಿಕೆ, ಅದಕ್ಕೂ ಎಲುಬಿಗೂ ನಡುವೆ ನಾರಿನ ಜಾಲ ಇವೆ. ಮೂರೂ ಮರಳಿ ಹುಟ್ಟಿದರೆ ಮಾತ್ರ ಕಳೆದದ್ದು ಬಂತೆನ್ನಬೇಕು. ಗಾಯ ಮಾಯುವಾಗ ಒಸಡಿನ ಮೇಲ್ಪದರದ ಕೋಶಗಳು ಎಲ್ಲಕ್ಕಿಂತ ಬೇಗ ಬೇರಿನ ಗುಂಟ ಇಳಿದುಬಿಡುತ್ತವೆ. ನಾರು, ಎಲುಬು ಹುಟ್ಟಿಸುವ ಕೋಶಗಳು ನಿಧಾನ. ಬೇರಿನ ಮೇಲೆ ಯಾವ ಕೋಶ ಮೊದಲು ನೆಲೆಸುತ್ತದೋ ಅದರಂತೆ ಗಾಯ ಮಾಯುತ್ತದೆ ಎಂದು 1976ರಲ್ಲಿ ಸಂಶೋಧಕ ಮೆಲ್ಚರ್ ಹೇಳಿದರು. ಹಾಗಾಗಿ ಅವಸರದ ಕೋಶಗಳನ್ನು ಪುಡಿಯ ಮೇಲೆ ಹೊದಿಸುವ ಪರದೆಯೊಂದು ತಡೆಯುತ್ತದೆ, ನಿಧಾನದವಕ್ಕೆ ಪುಡಿ ಜಾಗ ಕಾಯುತ್ತದೆ. ಅದಕ್ಕೇ ಪುಡಿಯನ್ನು ಗಿಡಿದು ತುಂಬುವುದಿಲ್ಲ. ಮಿಲಿಮೀಟರಿನಷ್ಟೂ ಇರದ ಹರಳುಗಳನ್ನು ರಕ್ತದಲ್ಲೋ ಸಲೈನ್‌ನಲ್ಲೋ ನೆನೆಸಿ ಹಗುರಾಗಿ ಕೂಡಿಸುತ್ತಾರೆ. ಹೊಸ ರಕ್ತನಾಳ ನುಸುಳಲು ಸಂದು ಬೇಕಲ್ಲ! ಇನ್ನು ಕುಳಿಯ ಆಕಾರ: ಹಗೇವಿಗೆ ಸುರಿದ ಜೋಳ ನಿಲ್ಲುತ್ತದೆ, ಬಯಲಿಗೆ ಸುರಿದದ್ದು ಚೆಲ್ಲಿಹೋಗುತ್ತದೆ. ಆಳವಾಗಿ, ಕಿರಿದಾಗಿ, ಮೂರು ಕಡೆ ಎಲುಬಿನ ಗೋಡೆ ಉಳಿದ ಕುಳಿಯಲ್ಲಿ ಈ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಸಾಲು ಹಲ್ಲುಗಳ ಸುತ್ತ ಎಲುಬು ಸಮನಾಗಿ ತಗ್ಗಿದ್ದರೆ ಪುಡಿಗೆ ಆಸರೆಯೇ ಇಲ್ಲ. ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆಯೇ.

ಇನ್ನು ಪುಡಿಯ ಮಾತು. ನಮ್ಮ ಭಾಗದ ಅನೇಕ ಮನೆಗಳಲ್ಲಿ ಮೊದಲ ತಕರಾರು ಬೆಲೆಯದ್ದಲ್ಲ, ಮೂಲದ್ದು: ಅದು ದನದ್ದೋ, ಹಂದಿಯದ್ದೋ, ಸತ್ತವರದ್ದೋ? ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ನಿಮ್ಮದೇ ಗದ್ದದ ಅಥವಾ ದವಡೆಯ ಹಿಂಭಾಗದ ಎಲುಬನ್ನು ತೆಗೆದು ಹಾಕಬಹುದು. ಆದರೆ ಇನ್ನೊಂದು ಗಾಯವಾಗುತ್ತದೆ, ಸಿಗುವುದೂ ಸ್ವಲ್ಪ. ದಾನಿಗಳ ಎಲುಬನ್ನು ಸಂಸ್ಕರಿಸಿ, ವಿಕಿರಣದಿಂದ ಶುದ್ಧಮಾಡಿ ಕೊಡುವ ಅಂಗಾಂಶ ಬ್ಯಾಂಕ್ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿದೆ. ದನದ ಎಲುಬಿನಿಂದ ಮಾಡಿದ್ದರಲ್ಲಿ ಪ್ರೋಟೀನ್ ತೆಗೆದು ಖನಿಜವನ್ನಷ್ಟೇ ಉಳಿಸಿರುತ್ತಾರೆ. ಯಾವುದೂ ಒಗ್ಗದವರಿಗೆ ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಬಯೋಗ್ಲಾಸ್‌ನಂಥ ಪೂರ್ತಿ ಕೃತಕ ವಸ್ತುಗಳಿವೆ. ಪರದೆಯ ಮೂಲವನ್ನೂ ಮರೆಯದೆ ಕೇಳಿ. ಪುಡಿ ಕೃತಕವಿದ್ದರೂ ಮೇಲೆ ಹೊದಿಸುವ ಕೊಲಾಜೆನ್ ಪರದೆ ಸಾಮಾನ್ಯವಾಗಿ ಪ್ರಾಣಿಯದ್ದಿರುತ್ತದೆ. ಫಲದಲ್ಲಿ ಎಲ್ಲ ಒಂದೇ ಅಲ್ಲ. 1989ರಲ್ಲಿ ಸಂಶೋಧಕ ಬೋವರ್ಸ್ ಮತ್ತು ಸಂಗಡಿಗರು, ಸಂಸ್ಕರಿಸಿದ ದಾನಿ ಎಲುಬು ಹಾಕಿದ ಜಾಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಎಲುಬು, ನಾರು, ಸಿಮೆಂಟಮ್ ಮೂರೂ ಹೊಸದಾಗಿ ಹುಟ್ಟಿದ್ದನ್ನು ತೋರಿಸಿದರು. ಕೃತಕ ಪುಡಿಗಳು ಕುಳಿಯನ್ನು ತುಂಬುತ್ತವೆ, ಆಳವನ್ನೂ ತಗ್ಗಿಸುತ್ತವೆ; ಮೂರನ್ನೂ ಹುಟ್ಟಿಸಿದ ಪುರಾವೆ ಮಾತ್ರ ತೆಳು. “ಎಕ್ಸ್‌ರೇದಾಗ ಬೆಳ್ಳಗ ತುಂಬೇತಿ” ಎಂದು ಹಿಗ್ಗಬೇಡಿ. ಪುಡಿಯೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ.

ಎಲುಬು ಕರಗಿಸಿದ ಕಾರಣ ನಿಲ್ಲಿಸುವುದೇ ಹೆಚ್ಚು ಕಷ್ಟದ ಭಾಗ. ಕಿಟ್ಟ ಕಟ್ಟಿದ ಬೇರನ್ನು ಒಸಡಿನೊಳಗಿಂದ ಸ್ವಚ್ಛಮಾಡಿ, ಒಂದೆರಡು ತಿಂಗಳು ಬಿಟ್ಟು ಮಿಲಿಮೀಟರ್ ಗುರುತಿರುವ ಕಡ್ಡಿಯಿಂದ ಮತ್ತೆ ಅಳೆಯುತ್ತಾರೆ. ಆರೋಗ್ಯದ ಒಸಡಿನಲ್ಲಿ ಅದು ಮೂರರೊಳಗೆ ನಿಲ್ಲುತ್ತದೆ. ಆರು, ಏಳು ಇಳಿದರೆ ಆಗ ಶಸ್ತ್ರಚಿಕಿತ್ಸೆಯ ಮಾತು. ಎಷ್ಟೋ ಕುಳಿಗಳು ಸ್ವಚ್ಛತೆಯಿಂದಲೇ ತಗ್ಗುತ್ತವೆ, ಪುಡಿಯೇ ಬೇಕಾಗುವುದಿಲ್ಲ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ ಎಂಬುದು ಹಳೆಯ ಅಂಜಿಕೆ. ಸಡಿಲಾದದ್ದು ಎಲುಬು ಕರಗಿ. ಅಷ್ಟುದಿನ ಕಿಟ್ಟದ ಗಟ್ಟಿ ಹೆಂಟೆ ಹಲ್ಲುಗಳನ್ನು ಕೂಡಿಸಿ ಹಿಡಿದಿತ್ತು, ತೆಗೆದಾಗ ಬಯಲಾಯಿತು ಅಷ್ಟೇ. ತಂಬಾಕಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಕೂಡಿಸುವವರಿದ್ದಾರೆ. ಹೆಣ್ಣುಮಕ್ಕಳಲ್ಲಿ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವ ರೂಢಿ ಇನ್ನೂ ಹೋಗಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಈ ಚಿಕಿತ್ಸೆಯ ಫಲ ಸೇದದವರಿಗಿಂತ ಕಡಿಮೆ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೂ ಗಾಯ ಮಾಯುವುದು ತಡ. ಇಂಥವರು ತಂಬಾಕು ಬಿಡುವವರೆಗೆ, ಶುಗರ್ ಹತೋಟಿಗೆ ಬರುವವರೆಗೆ ಕಾಯುವುದೇ ಸರಿ.

“ಇಷ್ಟೆಲ್ಲ ಯಾಕ್ರೀ, ಹಲ್ಲು ಕಿತ್ತು ಇಂಪ್ಲಾಂಟ್ ಹಾಕಿಸಿದ್ರಾತು” ಎನ್ನುವವರಿಗೆ ಉತ್ತರ ಸುಲಭ. ಇಂಪ್ಲಾಂಟ್ ನಿಲ್ಲುವುದೂ ಎಲುಬಿನಲ್ಲೇ; ಒಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಿಗೆ ಅದರ ಸುತ್ತಲೂ ಎಲುಬು ಕರಗುವ ಅಪಾಯ ಹೆಚ್ಚು. ಬೇರಿನ ತುದಿಯವರೆಗೆ ಎಲುಬು ಹೋದ, ಮೇಲೆ ಕೆಳಗೆ ಅಲುಗುವ ಹಲ್ಲನ್ನು ಕೀಳಿಸುವುದೇ ಸರಿ. ಉಳಿದವನ್ನು ಉಳಿಸಲು ನೋಡಬೇಕು. ಪುಡಿ ಹಾಕಿದ ಮೇಲೆ ವೈದ್ಯರು ಹೇಳುವವರೆಗೆ ಆ ಜಾಗಕ್ಕೆ ಬ್ರಶ್ ತಾಗಿಸದೆ, ಕೊಟ್ಟ ಔಷಧಿ ನೀರಿನಿಂದ ಬಾಯಿ ಮುಕ್ಕಳಿಸಿ. ಅಳತೆಕಡ್ಡಿಯನ್ನು ಸುಮಾರು ಆರು ತಿಂಗಳು ಅಲ್ಲಿ ಇಳಿಸುವುದಿಲ್ಲ. ಆಮೇಲೂ ಮೂರು ತಿಂಗಳಿಗೊಮ್ಮೆಯಂತೆ ತಪಾಸಣೆಗೆ ಹೋಗಬೇಕಾಗುತ್ತದೆ. ಆ ಖರ್ಚನ್ನೂ ಮೊದಲ ದಿನವೇ ಕೇಳಿ ಬರೆದುಕೊಳ್ಳಿ.